ಹೊರಗಣ ಹಣ, ಒಳಗಣ ಲೆಕ್ಕ

ಯಾದಗಿರಿ ಜಿಲ್ಲೆಯ ಹುಣಸಗಿಯ ಸುತ್ತಲಿನ ನೆಲ ಬಹು ಪುರಾತನವಾದುದು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆಯ ಶಿಲಾಯುಗದ ಮಾನವನು ಸುಣ್ಣಕಲ್ಲನ್ನು ಒಡೆದು ಮಾಡಿಕೊಂಡ ಕೈಕೊಡಲಿಗಳು ಪುರಾತತ್ತ್ವಜ್ಞರಿಗೆ ಹೇರಳವಾಗಿ ದೊರೆತಿವೆ. ವಿದ್ವಾಂಸರಾದ ಕೆ. ಪದ್ದಯ್ಯನವರು ದಶಕಗಳ ಕಾಲ ಇಲ್ಲಿ ಶೋಧನೆ ನಡೆಸಿ ಈ ಊರಿನ ಹೆಸರನ್ನು ಲೋಕದ ವಿದ್ವತ್ ವಲಯಕ್ಕೆ ಪರಿಚಯಿಸಿದರು. ಆ ಆದಿಮಾನವನು ಇಲ್ಲಿ ನೆಲಸಲು ನೆಲದೊಳಗಿಂದ ಜಿನುಗುತ್ತಿದ್ದ ನೀರಿನ ಒರತೆಗಳೂ ಒಂದು ಕಾರಣವೆಂದು ಹೇಳುತ್ತಾರೆ. ಅಂದು ನೀರಿದ್ದೆಡೆಗೆ ಮನುಷ್ಯ ಬಂದನು. ಇಂದು ನೀರಿಲ್ಲದೆಡೆಯಿಂದ ಮನುಷ್ಯ ಹೊರಟುಹೋಗುತ್ತಾನೆ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಹೊರಟ ಕಾಲುವೆ ಮುಟ್ಟಿದ ಹೊಲಗಳು ಹಸುರಾಗಿವೆ. ಮುಟ್ಟದ ಹೊಲಗಳ ಒಡೆಯರೂ ಕೂಲಿಕಾರರೂ ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ದುಡಿಯಲು ಹೋಗುತ್ತಾರೆ. ಇದಕ್ಕೆ ಆ ಸೀಮೆಯ ಜನ ಇಟ್ಟಿರುವ ಹೆಸರು ಗುಳೆ.

ಗುಳೆ ಹೋಗುವವರಲ್ಲಿ ಒಬ್ಬನಿಗೆ ಕ್ಷಯರೋಗ ತಗಲಿದೆಯೆಂದು ಊಹಿಸಿಕೊಳ್ಳೋಣ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ಸಾಕು. ತಪ್ಪದೆ ಸೇವಿಸಿದರೆ ರೋಗ ವಾಸಿಯಾಗುತ್ತದೆ. ಆದರೆ ಎರಡು ತಿಂಗಳು ಕಳೆಯುವುದರೊಳಗೆ ಕೆಮ್ಮು ಇಳಿಯುತ್ತದೆ, ಹಸಿವು ಮರಳುತ್ತದೆ, ಮೈಯಲ್ಲಿ ಕಸುವು ಕೂಡುತ್ತದೆ. ಅದೇ ವೇಳೆಗೆ ಮೇಸ್ತ್ರಿಯ ಕರೆಯೂ ಬರುತ್ತದೆ. ಮನೆಯಲ್ಲಿ ಜೋಳದ ಗಡಿಗೆ ಬರಿದಾಗಿರುವಾಗ, ವಾಸಿಯಾದಂತೆ ತೋರುವ ರೋಗಕ್ಕಾಗಿ ಇನ್ನೂ ನಾಲ್ಕು ತಿಂಗಳು ಊರಲ್ಲೇ ಕುಳಿತಿರು ಎಂದು ಅವನಿಗೆ ಯಾರು ಹೇಳಬಲ್ಲರು? ಅವನು ಹೊರಡುತ್ತಾನೆ. ಔಷಧ ನಡುವೆ ನಿಂತರೆ ರೋಗಾಣುಗಳಲ್ಲಿ ಬಲಿಷ್ಠವಾದವು ಬದುಕಿ ಉಳಿದು, ಮುಂದೆ ಅದೇ ಔಷಧಕ್ಕೆ ಬಗ್ಗದಂತಾಗುತ್ತವೆ. ಆಗ ಚಿಕಿತ್ಸೆ ಕಠಿನವಾಗುತ್ತದೆ, ವೆಚ್ಚ ಹತ್ತಾರು ಪಟ್ಟಾಗುತ್ತದೆ. ಅಷ್ಟೇ ಅಲ್ಲ, ಕಟ್ಟಡದ ಕೆಲಸದ ಬಳಿ ತಗಡಿನ ಗುಡಿಸಲಿನಲ್ಲಿ ಅವನೊಡನೆ ಮಲಗುವ ನಾಲ್ವರಿಗೂ ಆ ಬಲಿತ ರೋಗವೇ ಅಂಟುತ್ತದೆ.

ಈ ಕೂಲಿಕಾರನಿಗೂ ಯುರೋಪಿನ ಜಿನೀವಾ ನಗರಕ್ಕೂ ಒಂದು ಸಂಬಂಧವಿದೆ. ಅವನ ಕಫವನ್ನು ಪರೀಕ್ಷಿಸುವ ಯಂತ್ರಗಳಿಗೆ, ಬಲಿತ ಕ್ಷಯಕ್ಕೆ ಕೊಡುವ ಔಷಧಗಳಿಗೆ, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವ ಕಾರ್ಯಕ್ಕೆ ನಮ್ಮ ದೇಶದಲ್ಲಿ ವೆಚ್ಚವಾಗುವ ಹಣದ ಒಂದು ಪಾಲು ಆ ನಗರದಿಂದ ಬಂದುದು. ಏಡ್ಸ್, ಕ್ಷಯ ಮತ್ತು ಮಲೇರಿಯ ಎಂಬ ಮೂರು ರೋಗಗಳ ವಿರುದ್ಧ ಹೋರಾಡಲು 2002ರಲ್ಲಿ ಅಲ್ಲಿ ಒಂದು ಜಾಗತಿಕ ನಿಧಿ ಸ್ಥಾಪಿತವಾಯಿತು. ಅದರ ಹಿಂದಿನ ವರ್ಷ, 2001ರ ಏಪ್ರಿಲ್‌ನಲ್ಲಿ, ಆಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರು ನೈಜೀರಿಯದ ಅಬುಜಾದಲ್ಲಿ ಇಂಥದೊಂದು ನಿಧಿ ಬೇಕೆಂದು ಕರೆ ಕೊಟ್ಟಿದ್ದರು. ಶ್ರೀಮಂತ ರಾಷ್ಟ್ರಗಳೂ ದೊಡ್ಡ ದತ್ತಿಸಂಸ್ಥೆಗಳೂ ಅದಕ್ಕೆ ಹಣ ಸಲ್ಲಿಸುತ್ತ ಬಂದಿವೆ. ಭಾರತವು ಆ ನಿಧಿಯಿಂದ ನೆರವು ಪಡೆದಂತೆಯೇ ಅದಕ್ಕೆ ಕಾಣಿಕೆಯನ್ನೂ ಕೊಟ್ಟಿದೆ. 2019ರಲ್ಲಿ 2 ಕೋಟಿ 20 ಲಕ್ಷ ಡಾಲರುಗಳನ್ನು ಕೊಡುವುದಾಗಿ ವಾಗ್ದಾನ ಮಾಡಿತು. ಬೇಡುವ ಕೈಯೇ ನೀಡುವ ಕೈಯೂ ಆದುದು ಸಂತೋಷದ ಸಂಗತಿ.

ಈ ನಿಧಿ ಒಂದು ವಿಶೇಷ ನಿಯಮವನ್ನು ಮಾಡಿಕೊಂಡಿತು. ಅದು ಯಾವ ದೇಶದಲ್ಲೂ ತನ್ನ ಕಚೇರಿ ತೆರೆಯುವುದಿಲ್ಲ. ನೆರವು ಬೇಕಾದ ದೇಶವೇ ಒಂದು ರಾಷ್ಟ್ರೀಯ ಸಮನ್ವಯ ಸಮಿತಿಯನ್ನು ರಚಿಸಿಕೊಳ್ಳಬೇಕು. ಅದರಲ್ಲಿ ಸರ್ಕಾರದ ಅಧಿಕಾರಿಗಳಿರಬೇಕು. ಸ್ವಯಂಸೇವಾ ಸಂಸ್ಥೆಗಳವರು, ವಿದ್ವಾಂಸರು, ಖಾಸಗಿ ವಲಯದವರು, ಅಂತಾರಾಷ್ಟ್ರೀಯ ಸಂಸ್ಥೆಗಳವರು ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಆ ರೋಗಗಳನ್ನು ಸ್ವತಃ ಅನುಭವಿಸಿದವರು ಇರಬೇಕು. ಸರ್ಕಾರೇತರ ಸದಸ್ಯರನ್ನು ಆಯಾ ವರ್ಗದವರೇ, ಎಲ್ಲರಿಗೂ ತಿಳಿಯುವ ವಿಧಾನದಿಂದ, ಆರಿಸಿ ಕಳುಹಿಸಬೇಕೇ ಹೊರತು ಯಾರೋ ದೊಡ್ಡವರು ಕರೆದು ಕೂಡಿಸಿದವರಾಗಬಾರದು. ಎಷ್ಟು ಹಣ ಕೇಳಬೇಕು, ಅದನ್ನು ಯಾರ ಕೈಗೆ ಕೊಡಬೇಕು, ಕೊಟ್ಟ ಮೇಲೆ ಅದು ಗುರಿಮುಟ್ಟಿತೇ ಎಂಬುದನ್ನೆಲ್ಲ ನೋಡುವುದು ಈ ಸಮಿತಿಯ ಕೆಲಸ. ನಮ್ಮಲ್ಲಿಯೂ ಇಂಥ ಸಮಿತಿ ಇದೆ. ಕೇಂದ್ರ ಆರೋಗ್ಯ ಇಲಾಖೆಯ ಕಾರ್ಯದರ್ಶಿಗಳು ಅದರ ಅಧ್ಯಕ್ಷರು.

ರೋಗಿಗೊಂದು ಪೀಠವೇಕೆ ಎಂದು ಕೇಳುವವರುಂಟು. ಹಣಕಾಸಿನ ವಿಚಾರ ಬಲ್ಲವರು ಲೆಕ್ಕ ನೋಡಲಿ, ವೈದ್ಯಶಾಸ್ತ್ರ ಬಲ್ಲವರು ಔಷಧ ಆರಿಸಲಿ, ಕೆಮ್ಮುವವನು ಮಂಚದ ಮೇಲಿರಲಿ ಎಂಬುದು ಅವರ ವಾದ. ಮೇಲ್ನೋಟಕ್ಕೆ ಇದು ವಿವೇಕದ ಮಾತಿನಂತೆಯೇ ಕಾಣುತ್ತದೆ. ಇದಕ್ಕೆ ಉತ್ತರವನ್ನು ಕರ್ನಾಟಕದ ನೆಲದಲ್ಲೇ ಹುಡುಕಬಹುದು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗಳ ನೆರವಿನಿಂದ ಹುಟ್ಟಿತು. ಇಡೀ ದೇಶಕ್ಕೆ ಹೊಂದುವ ಕ್ಷಯನಿವಾರಣಾ ಕ್ರಮವೊಂದನ್ನು ರೂಪಿಸುವುದು ಅದರ ಗುರಿ. ಆ ದಿನಗಳಲ್ಲಿ ಬಲ್ಲವರೆಲ್ಲರ ನಂಬಿಕೆ ಹೀಗಿತ್ತು: ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರು ಅಜ್ಞಾನದಲ್ಲಿ ಮುಳುಗಿದ್ದಾರೆ, ಆದ್ದರಿಂದ ಕ್ಷ-ಕಿರಣ ಯಂತ್ರವನ್ನು ವಾಹನದ ಮೇಲೆ ಹೇರಿಕೊಂಡು ಊರೂರಿಗೆ ಹೋಗಿ ಅವರನ್ನು ಹುಡುಕಿ ತೆಗೆಯಬೇಕು. ಈ ನಂಬಿಕೆ ಸರಿಯೇ ಎಂದು ನೋಡಲು ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಬರಹ ಬಲ್ಲವರ ನಂಬಿಕೆಯನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ದೇಹದಲ್ಲಿ ಏನೋ ಕೇಡಾಗಿದೆಯೆಂಬುದು ಚೆನ್ನಾಗಿ ತಿಳಿದಿತ್ತು. ಅದಕ್ಕಾಗಿ ಅವರು ಚಿಂತಿಸುತ್ತಿದ್ದರು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು ಕೂಡ. ಹಾಗೆ ಹೋದವರಿಗೆ ಅಲ್ಲಿ ದೊರೆಯುತ್ತಿದ್ದುದು ಹೆಚ್ಚಾಗಿ ಒಂದು ಬಾಟಲಿ ಕೆಮ್ಮಿನ ಔಷಧ!

ಇದರ ಅರ್ಥವನ್ನು ಕೊಂಚ ನಿಧಾನವಾಗಿ ಯೋಚಿಸಬೇಕು. ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದನು; ಬಾಗಿಲೇ ಅವನನ್ನು ಗುರುತಿಸಲಿಲ್ಲ. ಅವನನ್ನು ಹುಡುಕಲು ದುಬಾರಿ ವಾಹನಗಳನ್ನು ಕಳುಹಿಸುವ ಯೋಜನೆ ಮಾತ್ರ ಮೇಲಿನವರ ತಲೆಯಲ್ಲಿ ಸಿದ್ಧವಾಗುತ್ತಿತ್ತು. ಆ ಯೋಜನೆಯನ್ನು ರೂಪಿಸುವ ಮೇಜಿನ ಬಳಿ ತುಮಕೂರಿನ ಒಬ್ಬ ರೋಗಿ ಕುಳಿತಿದ್ದರೆ, ಅವನು ಒಂದೇ ಮಾತಿನಲ್ಲಿ ಹೇಳುತ್ತಿದ್ದನು: ‘ಸ್ವಾಮೀ, ನಾನೇ ಬಂದಿದ್ದೆ.’ ಪುಣ್ಯಕ್ಕೆ ಆ ಇಬ್ಬರು ವಿದ್ವಾಂಸರು ಹಳ್ಳಿಗೆ ಹೋಗಿ ಅವನ ಮಾತನ್ನು ಕೇಳಿ ತಂದರು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಸಾಮಾನ್ಯ ಆಸ್ಪತ್ರೆಗಳಿಗೆ ತಾನಾಗಿ ಬರುವ ಕೆಮ್ಮಿನ ರೋಗಿಯ ಕಫ ಪರೀಕ್ಷೆಗೆ ಪ್ರಾಮುಖ್ಯ ಕೊಟ್ಟುದಕ್ಕೆ ಇಂಥ ಶೋಧನೆಗಳೇ ಆಧಾರ.

ಆದರೆ ಒಮ್ಮೆ ಕೇಳಿದರೆ ಸಾಲದು, ಕೇಳುತ್ತಲೇ ಇರಬೇಕು. ಮೂವತ್ತು ವರ್ಷಗಳ ಅನಂತರ, 1992ರಲ್ಲಿ, ಸರ್ಕಾರವೂ ವಿಶ್ವ ಆರೋಗ್ಯ ಸಂಸ್ಥೆಯೂ ಸ್ವೀಡನ್ನಿನ ನೆರವಿನ ಸಂಸ್ಥೆಯೂ ಕೂಡಿ ಆ ಕಾರ್ಯಕ್ರಮವನ್ನು ಪರಿಶೀಲಿಸಿದಾಗ, ಚಿಕಿತ್ಸೆ ಆರಂಭಿಸಿದ ರೋಗಿಗಳಲ್ಲಿ ಹೆಚ್ಚಿನವರು ಅದನ್ನು ಪೂರ್ಣಗೊಳಿಸುತ್ತಿರಲಿಲ್ಲವೆಂದು ತಿಳಿದುಬಂತು. ಔಷಧ ಎಲ್ಲೆಡೆ ಸಮನಾಗಿ ದೊರೆಯುತ್ತಿರಲಿಲ್ಲ. ಮೂವತ್ತು ವರ್ಷ! ಅಷ್ಟು ಕಾಲ ಪ್ರತಿಯೊಂದು ಊರಿನಲ್ಲೂ ಬರಿಗೈಯಲ್ಲಿ ಮರಳಿದ ರೋಗಿಗೆ ಗೊತ್ತಿದ್ದ ಸಂಗತಿ ದೆಹಲಿಗೆ ತಲುಪಲು ಹೊರಗಿನಿಂದ ಪರೀಕ್ಷಕರು ಬರಬೇಕಾಯಿತು.

ಹೊರನೆರವಿನಿಂದ ಒಳಿತಾದ ನಿದರ್ಶನವೂ ಇಲ್ಲದಿಲ್ಲ. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣಿನ ನೆನಪು ಇನ್ನೂ ಇದ್ದೀತು. ಮೆಟ್ಟಿಲು ಬಾವಿಗಳಿಗೆ ಇಳಿದು ನೀರು ತುಂಬುವವರ ಕಾಲಿನ ಹುಣ್ಣಿನಿಂದ ದಾರದಂಥ ಹುಳು ಹೊರಬಂದು ನೀರಿನಲ್ಲಿ ಮರಿಗಳನ್ನು ಬಿಡುತ್ತಿತ್ತು. ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ಅದು ಸುಮಾರು ಒಂದು ವರ್ಷ ಬೆಳೆದು ಮತ್ತೆ ಕಾಲಿನಿಂದ ಹೊರಬರುತ್ತಿತ್ತು. ಈ ರೋಗದ ವಿರುದ್ಧ 1980ರ ದಶಕದ ಆದಿಯಲ್ಲಿ ಕಾರ್ಯಕ್ರಮ ಆರಂಭವಾದಾಗ ಅದು ಬೇರೂರಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಯುನಿಸೆಫ್ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ನೆರವು ಅದಕ್ಕಿತ್ತು. ಔಷಧವೂ ಇಲ್ಲದ, ಲಸಿಕೆಯೂ ಇಲ್ಲದ ಆ ರೋಗ ಬಟ್ಟೆಯ ಸೋಸುಗ, ಕೊಳವೆ ಬಾವಿ ಹಾಗೂ ಮನೆಮನೆಯ ಹುಡುಕಾಟಗಳಿಂದಲೇ ಅಳಿಯಿತು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಹೊರಗಿನ ಹಣ ಸಣ್ಣದಾಗಿತ್ತು. ಯಾವ ಬಾವಿ ಕೆಟ್ಟಿದೆ, ಯಾರ ಮನೆಯಲ್ಲಿ ಹುಣ್ಣಿದೆ ಎಂಬ ತಿಳಿವಳಿಕೆ ಮಾತ್ರ ಊರಿನದೇ ಆಗಿತ್ತು.

ಕ್ಷಯದ ಮಾತು ಬೇರೆ. ಅದರ ಗುಟ್ಟನ್ನು ಊರು ಬಾಯಿಬಿಟ್ಟು ಹೇಳುವುದಿಲ್ಲ. ಕಾಲಿನ ಹುಣ್ಣಿಗೆ ನಾಚಿಕೆಯಿಲ್ಲ. ಎದೆಯ ರೋಗಕ್ಕೂ ಏಡ್ಸ್‌ಗೂ ನಾಚಿಕೆ ಅಂಟಿಕೊಂಡಿದೆ. ಮದುವೆಯ ವಯಸ್ಸಿಗೆ ಬಂದ ಹುಡುಗಿಗೆ ಕ್ಷಯವಿದೆಯೆಂದರೆ ಅವಳ ತಾಯಿ ಔಷಧದ ಪೊಟ್ಟಣವನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಡುತ್ತಾಳೆ. ಇಂಥ ರೋಗಗಳಲ್ಲಿ ಅನುಭವಿಸಿದವರ ಮಾತಿಗೆ ಬೇರಾವ ಲೆಕ್ಕಪತ್ರವೂ ಸಮನಾಗದು. ಅಧಿಕಾರಿಯು ಔಷಧ ಬಂದಿತೇ ಎಂದು ಕೇಳುತ್ತಾನೆ, ಲೆಕ್ಕಿಗನು ರಸೀತಿ ಇದೆಯೇ ಎಂದು ಕೇಳುತ್ತಾನೆ. ಸ್ವತಃ ಗುಳೆ ಹೋಗಿ ಬಂದ ರೋಗಿಯೊಬ್ಬನು ಸಮಿತಿಯಲ್ಲಿ ಕುಳಿತರೆ, ಹುಣಸಗಿಯಲ್ಲಿ ಹೆಸರು ಬರೆಸಿದವನಿಗೆ ಬೆಂಗಳೂರಿನಲ್ಲಿ ಮುಂದಿನ ಗುಳಿಗೆ ಯಾರು ಕೊಟ್ಟರು ಎಂದು ಕೇಳುತ್ತಾನೆ. ರೋಗಿಯ ವಿವರವನ್ನು ಒಂದು ಊರಿನಿಂದ ಮತ್ತೊಂದು ಊರಿಗೆ ಗಣಕಯಂತ್ರದ ಮೂಲಕ ವರ್ಗಾಯಿಸುವ ನಿಕ್ಷಯ್ ಎಂಬ ವ್ಯವಸ್ಥೆ 2012ರಿಂದ ನಡೆದುಬಂದಿದೆ. ಆದರೆ ಹೊರಡುವ ಮುನ್ನ ಹೇಳಿ ಹೋಗದವನ ವಿವರ ವರ್ಗವಾಗುವುದೆಂತು? ಮೇಸ್ತ್ರಿಗೆ ತಿಳಿದರೆ ಕೆಲಸ ಹೋದೀತೆಂಬ ಭಯ ಅವನಿಗಿದೆ ಎಂಬುದನ್ನು ಬಲ್ಲವನು ಮಾತ್ರ ಆ ಪ್ರಶ್ನೆ ಕೇಳಬಲ್ಲನು.

ಹಾಗೆಂದು ಈಗಿನ ಸಮಿತಿಗಳು ನಿರ್ದುಷ್ಟವೆಂದು ಹೇಳುವಂತಿಲ್ಲ. ಹಣ ಪಡೆಯುವ ಇಲಾಖೆಯ ಹಿರಿಯ ಅಧಿಕಾರಿಯೇ ಹಣದ ಮೇಲ್ವಿಚಾರಣೆ ನಡೆಸುವ ಸಮಿತಿಗೂ ಅಧ್ಯಕ್ಷರಾಗಿರುವುದು ವಾದಿಯೇ ನ್ಯಾಯಪೀಠವನ್ನೇರಿದಂತೆ. ತಮ್ಮ ಸಂಸ್ಥೆಗೆ ಸಂಬಂಧಿಸಿದ ತೀರ್ಮಾನದ ವೇಳೆಗೆ ಸದಸ್ಯರು ಹೊರಗುಳಿಯಬೇಕೆಂಬ ನಿಯಮವೇನೋ ಇದೆ. ಅಧ್ಯಕ್ಷರ ಎದುರಿನಲ್ಲಿ ಅವರ ಇಲಾಖೆಯ ಕೊರತೆಯನ್ನು ಆಡುವ ಎದೆಗಾರಿಕೆ ಎಷ್ಟು ಮಂದಿಗೆ ಇದ್ದೀತು? ಮಾತುಕತೆ ನಡೆಯುವುದು ದೆಹಲಿಯಲ್ಲಿ, ಇಂಗ್ಲಿಷಿನಲ್ಲಿ. ನೂರಾರು ಪುಟಗಳ ಕಾಗದಪತ್ರಗಳನ್ನು ಓದಿಕೊಂಡು ಬರಬೇಕು. ರೋಗಿಗಳ ಪ್ರತಿನಿಧಿಯಾಗಿ ಹೋದವನು ಕೆಲವು ವರ್ಷಗಳಲ್ಲಿ ಸಭೆಗಳ ಭಾಷೆಯನ್ನು ಕಲಿತು, ವಿಮಾನ ನಿಲ್ದಾಣಗಳ ಪರಿಚಯ ಮಾಡಿಕೊಂಡು, ತನ್ನ ಊರಿನ ಭಾಷೆಯನ್ನೇ ಮರೆಯುವ ಸಂಭವವೂ ಉಂಟು. ಪೀಠ ತುಂಬಿರುತ್ತದೆ, ಮಾತು ಬರಿದಾಗಿರುತ್ತದೆ.

ಮೇಲ್ವಿಚಾರಣೆ ಸಡಿಲವಾದರೆ ಏನಾಗುವುದೆಂಬುದಕ್ಕೆ ಆಫ್ರಿಕದ ಉಗಾಂಡ ಸಾಕ್ಷಿ. 2005ರ ಆಗಸ್ಟ್‌ನಲ್ಲಿ ಅಲ್ಲಿಯ ಹಣದ ನಿರ್ವಹಣೆಯಲ್ಲಿ ಗಂಭೀರವಾದ ಲೋಪಗಳು ಪತ್ತೆಯಾಗಿ, ಜಾಗತಿಕ ನಿಧಿಯು ತನ್ನ ನೆರವನ್ನು ಕೆಲವು ತಿಂಗಳ ಕಾಲ ತಡೆಹಿಡಿಯಿತು. ತಪ್ಪು ಮಾಡಿದವರು ಯಾರೋ, ಔಷಧ ಮುಂದೆ ದೊರೆಯುವುದೋ ಇಲ್ಲವೋ ಎಂದು ದಿಗಿಲುಗೊಂಡವರು ಇನ್ನಾರೋ. ಹೊರಗಿನವನ ಕೈಯಲ್ಲಿರುವುದು ಒಂದೇ ಆಯುಧ, ಹಣ ನಿಲ್ಲಿಸುವುದು. ಆ ಏಟು ಬೀಳುವುದು ಕಳ್ಳನ ಮೇಲಲ್ಲ, ರೋಗಿಯ ಮೇಲೆ. ಆದ್ದರಿಂದ ಹೊರಗಿನ ಲೆಕ್ಕಪರಿಶೋಧಕನು ಬರುವ ಮೊದಲೇ ಒಳಗಿನ ಕಣ್ಣು ತೆರೆದಿರಬೇಕು. ಅದು ಸ್ವಾಭಿಮಾನದ ಮಾತೂ ಹೌದು.

ಚುನಾಯಿತ ಸರ್ಕಾರವಿರುವ ದೇಶಕ್ಕೆ ಇನ್ನೊಂದು ಸಮಿತಿಯ ಹಂಗೇಕೆ ಎಂಬ ಆಕ್ಷೇಪಣೆಯನ್ನೂ ತಳ್ಳಿಹಾಕುವಂತಿಲ್ಲ. ಶಾಸನಸಭೆಯಿದೆ, ಮಹಾಲೇಖಪಾಲರಿದ್ದಾರೆ, ಪತ್ರಿಕೆಗಳಿವೆ. ಅವುಗಳ ಕೆಲಸ ದೊಡ್ಡದು. ಆದರೆ ಶಾಸನಸಭೆಯಲ್ಲಿ ಕ್ಷಯರೋಗಿಗಳಿಗೆಂದು ಒಂದು ಕ್ಷೇತ್ರವಿಲ್ಲ. ಬಡವನಾದ ರೋಗಿ ಅಲ್ಪಸಂಖ್ಯಾತರಲ್ಲೂ ಅಲ್ಪಸಂಖ್ಯಾತನು. ಗುಳೆ ಹೋದ ರೋಗಿಯಂತೂ ಮತದಾನದ ದಿನ ಊರಲ್ಲೇ ಇರುವುದಿಲ್ಲ. ಅವನ ಹೆಸರಿನಲ್ಲಿ ಬಂದ ಹಣದ ಬಗೆಗೆ ಅವನನ್ನೇ ಕೇಳುವ ಒಂದು ಸ್ಥಳ ಎಲ್ಲಾದರೂ ಇರಲೇಬೇಕು.

ಈ ಪ್ರಶ್ನೆ ಈಗ ಇನ್ನೊಂದು ಕಾರಣದಿಂದ ತುರ್ತಾಗಿದೆ. ಹೊರಗಿನ ಹಣ ಕುಗ್ಗುತ್ತಿದೆ. 2025ರಲ್ಲಿ ಅಮೆರಿಕವು ತನ್ನ ವಿದೇಶೀ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಜಾಗತಿಕ ನಿಧಿಯೂ ಒಪ್ಪಿಕೊಂಡಿದ್ದ ನೆರವನ್ನು ಆ ವರ್ಷ ಕಡಿತಗೊಳಿಸಿತು. ಭಾರತದ ಕ್ಷಯನಿವಾರಣೆಯ ವೆಚ್ಚದಲ್ಲಿ ದೊಡ್ಡ ಪಾಲು ನಮ್ಮದೇ ಬೊಕ್ಕಸದ್ದಾಗಿರುವುದರಿಂದ ಆಫ್ರಿಕದ ಕೆಲವು ದೇಶಗಳಿಗೆ ಒದಗಿದ ಸಂಕಟ ನಮಗೆ ಒದಗಲಿಲ್ಲ. 2018ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಅವನ ಖಾತೆಗೆ ಸಲ್ಲುವ ಏರ್ಪಾಡಾಯಿತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿಯಾಯಿತು. ಇದು ಶ್ಲಾಘನೀಯ. ಆದರೆ 2025ರೊಳಗೆ ಕ್ಷಯವನ್ನು ದೇಶದಿಂದ ನಿವಾರಿಸುವ ಸಂಕಲ್ಪ ಈಡೇರಲಿಲ್ಲ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಭಾರತದಲ್ಲೇ ಇದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊರಗಿನವನು ಹಣದೊಂದಿಗೆ ರೋಗಿಗೊಂದು ಪೀಠವನ್ನೂ ಕೇಳಿದ್ದನು. ಅವನ ಹಣ ಹೋದರೆ ಆ ಪೀಠವೂ ಹೋಗಬೇಕೇ? ಅನ್ಯರ ಹಣಕ್ಕೆ ರೋಗಿಯ ಮುಂದೆ ಲೆಕ್ಕ ಒಪ್ಪಿಸಬಹುದಾದರೆ, ಅವನೇ ಬೆಂಕಿಪೊಟ್ಟಣದಿಂದ ಬಟ್ಟೆಯವರೆಗೆ ತೆರಿಗೆ ತೆತ್ತು ತುಂಬಿದ ಬೊಕ್ಕಸಕ್ಕೆ ಒಪ್ಪಿಸಲಾಗದೇಕೆ?

ರಾಜ್ಯಗಳಲ್ಲೂ ಜಿಲ್ಲೆಗಳಲ್ಲೂ ಕ್ಷಯ ವೇದಿಕೆಗಳೆಂಬ ಸಮಿತಿಗಳಿರಬೇಕು, ಅವುಗಳಲ್ಲಿ ಗುಣ ಹೊಂದಿದ ರೋಗಿಗಳೂ ಇರಬೇಕು ಎಂದು ಸರ್ಕಾರವೇ ನಿರ್ದೇಶಿಸಿದೆ. ದೆಹಲಿಯ ದೊಡ್ಡ ಮೇಜಿನ ಚಿಕ್ಕ ರೂಪವಿದು. ಇದನ್ನು ಜಿಲ್ಲೆಗೇ ನಿಲ್ಲಿಸದೆ ತಾಲ್ಲೂಕಿಗೆ ಇಳಿಸಬೇಕು. ಹುಣಸಗಿ ಹಿಂದೆ ಗುಲ್ಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿತ್ತು. 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಗೆ ಸೇರಿ, ಅನಂತರ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು. ಕಚೇರಿಗಳು ಜನರಿಗೆ ಹತ್ತಿರವಾಗಲೆಂದೇ ಈ ವಿಭಜನೆಗಳೆಲ್ಲ ನಡೆದವು. ಕಚೇರಿಯೊಂದಿಗೆ ಲೆಕ್ಕವೂ ಹತ್ತಿರವಾಗಲಿ. ತಾಲ್ಲೂಕಿಗೆ ಎಷ್ಟು ಔಷಧ ಬಂತು, ಎಷ್ಟು ದಿನ ಬರಲಿಲ್ಲ, ಎಷ್ಟು ಮಂದಿ ಚಿಕಿತ್ಸೆಯ ನಡುವೆ ಊರು ಬಿಟ್ಟರು, ಪೌಷ್ಟಿಕ ಆಹಾರದ ಹಣ ಎಷ್ಟು ತಿಂಗಳು ತಡವಾಯಿತು ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಓದಿ ಹೇಳಲು ಅರ್ಧ ಗಂಟೆ ಸಾಕು. ರೋಗಿಗಳ ಹೆಸರು ಹೇಳಬೇಕಾಗಿಲ್ಲ, ಹೇಳಲೂಬಾರದು. ಸಭೆಗೆ ಬರುವ ಕೂಲಿಕಾರನಿಗೆ ಆ ದಿನದ ಕೂಲಿಯನ್ನು ಕಟ್ಟಿಕೊಡಬೇಕು. ಇಲ್ಲವಾದರೆ ಬರುವವರು ಹೊಟ್ಟೆತುಂಬಿದವರು ಮಾತ್ರ.

ಸಭೆಯನ್ನು ಯಾವಾಗ ಕರೆಯಬೇಕೆಂಬುದೂ ಸಣ್ಣ ವಿಷಯವಲ್ಲ. ಕಚೇರಿಗಳ ಆರ್ಥಿಕ ವರ್ಷ ಮಾರ್ಚ್‌ನಲ್ಲಿ ಮುಗಿಯುವುದರಿಂದ ಲೆಕ್ಕದ ಸಭೆಗಳೆಲ್ಲ ಆ ತಿಂಗಳಲ್ಲಿ ಒತ್ತೊತ್ತಾಗಿ ಬರುತ್ತವೆ. ಮಾರ್ಚ್‌ನಲ್ಲಿ ಹುಣಸಗಿಯ ಸುತ್ತಲಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ, ಜಗಲಿಯ ಮೇಲೆ ಮುದುಕರು ಮಾತ್ರ ಕುಳಿತಿರುತ್ತಾರೆ. ಗುಳೆ ಹೋದವರು ಮುಂಗಾರಿನ ಬಿತ್ತನೆಗೆ ಮರಳುತ್ತಾರೆ. ಅವರು ಊರಿನಲ್ಲಿರುವ ಜೂನ್‌ನಲ್ಲೊಮ್ಮೆ, ಬಸ್ಸು ಹತ್ತುವ ಮುನ್ನ ಇನ್ನೊಮ್ಮೆ ಆ ಸಭೆ ಸೇರಬೇಕು.